ವಾಸಣ್ಣನ ಕೆಸರು

“ಬನ್ನಿ ಬನ್ನಿ, ಒಳಗೆ ಜಾಗ ಉಂಟು! ಹಿಂದೆ ಹೋಗಿ, ಫ್ಯಾನಿನ ಕೆಳಗೆ ಕೂತ್ಕೊಳ್ಳಿ!”

ವೇಲಚೇರಿಯ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದ ಮಾರನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಈ ಕೂಗು. ಕೆಳಗೆ ಯಾರೋ ಮೆಸ್ ನಡೆಸುತ್ತಿದ್ದಾರೆ, ಅದೂ ಕನ್ನಡದವರ ಮೆಸ್ಸು ಎಂದು ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಂಡ್ಯದ ಕಡೆಯಿಂದ ಆಫೀಸಿನ ಕೆಲಸಕ್ಕೆಂದು ಚೆನ್ನೈಗೆ ಬಂದು, ಬ್ರೆಡ್ಡು ಜಾಮಿನಲ್ಲಿ ಜೀವ ಹಿಡಿದುಕೊಂಡಿದ್ದವಳು ನಾನು. ಹಿಂದಿನ ಬಾಲ್ಕನಿಗೆ ಓಡಿ ಬಗ್ಗಿ ನೋಡಿದರೆ ಮೆಸ್ಸೂ ಇಲ್ಲ, ಫ್ಯಾನೂ ಇಲ್ಲ. ಹಿತ್ತಲಿನ ನುಗ್ಗೆಮರದ ಕೆಳಗೆ ತಂತಿ ಜಾಲರಿ ಕಟ್ಟಿದ ಒಂದು ಅಂಗಳ, ಅದರ ಅರ್ಧಕ್ಕೆ ತಗಡಿನ ಸೂರು. ಬಿಳಿ ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಟವೆಲ್ಲು ಹಾಕಿಕೊಂಡ ಹಿರಿಯರೊಬ್ಬರು ಸ್ಟೀಲಿನ ಬಕೀಟು ಹಿಡಿದು ಸೌಟಿನಲ್ಲಿ ಅನ್ನ ಬಡಿಸುತ್ತಿದ್ದರು. ಉಣ್ಣುತ್ತಿದ್ದವು ನಾಲ್ಕು ಕೋಳಿಗಳು.

ಅವರೇ ಕೆಳಗಿನ ಮನೆಯ ಬಾಡಿಗೆದಾರ ವಾಸಣ್ಣ. ಕಾರ್ಕಳದ ಕಡೆಯವರು. ಚಿಕ್ಕಂದಿನಲ್ಲೇ ಚೆನ್ನೈಗೆ ಬಂದು ಕೋಯಂಬೇಡಿನ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಕೊನೆಗೆ ಇಡೀ ಹಾಲಿನ ಉಸ್ತುವಾರಿ ನೋಡಿಕೊಳ್ಳುವವರಾಗಿ ಮಂಡಿ ನೋವು ಬಂದ ಮೇಲೆ ನಿವೃತ್ತರಾದವರು. ಹೋಟೆಲು ಅವರನ್ನು ಬಿಟ್ಟಿತ್ತೇ ಹೊರತು ಅವರು ಹೋಟೆಲನ್ನು ಬಿಟ್ಟಿರಲಿಲ್ಲ. ನಾನು ಮೆಟ್ಟಿಲಿಳಿದು ಬಂದರೆ “ಒಬ್ರಾ ಮೇಡಂ?” ಅನ್ನುತ್ತಿದ್ದರು. ಹಿಂದೆ ಇನ್ನ್ಯಾರಿದ್ದಾರೆ ಎಂದು ನಾನೇ ಒಮ್ಮೆ ತಿರುಗಿ ನೋಡಿದ್ದುಂಟು. ಆರೋಗ್ಯ ಹೇಗಿದೆ ಎಂದು ಕೇಳಿದರೆ, ಗಿರಿಜಕ್ಕ ಒಳಗೆ ಏನು ಬಿಸಿಯಾಗಿ ಮಾಡಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಗಿರಿಜಕ್ಕ ಅವರ ಹೆಂಡತಿ. ಒಂದೇ ವಾಕ್ಯದಲ್ಲಿ ಮನುಷ್ಯನ ಬಾಯಿ ಮುಚ್ಚಿಸಿ ಕೂರಿಸಬಲ್ಲ ಹೆಂಗಸು.

“ಇಷ್ಟು ವರ್ಷ ಊರಿಗೆಲ್ಲ ಬಡಿಸಿದ್ದು ಸಾಕಾಗ್ಲಿಲ್ಲ ಇವರಿಗೆ,” ಎಂದು ಆಕೆ ಮೊದಲ ದಿನವೇ ನನಗೆ ಹೇಳಿದರು. “ಈಗ ಕೋಳಿಗಳಿಗೆ ಪಂಕ್ತಿ ಹಾಕ್ತಾರೆ. ನಾಳೆ ಹಲ್ಲಿಗೂ ಎಲೆ ಹಾಕಿಯಾರು.”

ಕೋಳಿಗಳು ಅವರವೇನೂ ಅಲ್ಲ. ನನಗಿಂತ ಮೊದಲು ಮಹಡಿಯಲ್ಲಿದ್ದ ಸಂಸಾರವೊಂದು “ಊರಿಗೆ ಹೋಗಿ ಬರ್ತೀವಿ, ಸ್ವಲ್ಪ ನೋಡ್ಕೊಳ್ಳಿ” ಎಂದು ಬಿಟ್ಟು ಹೋದದ್ದು, ಆಮೇಲೆ ಪತ್ತೆಯೇ ಇಲ್ಲ. ಮೊಟ್ಟೆಯನ್ನು ಜನ್ಮದಲ್ಲಿ ಮುಟ್ಟದ ವಾಸಣ್ಣನ ಕೈಗೆ ಹೀಗೆ ಕೋಳಿ ಸಂಸಾರ ಬಂತು. ಮೊಟ್ಟೆಗಳನ್ನು ಮುಖ ಆಚೆ ತಿರುಗಿಸಿಕೊಂಡೇ ಎತ್ತಿ, ಬಾಳೆಲೆಯಲ್ಲಿ ಸುತ್ತಿ, ನೂಲು ಕಟ್ಟಿ, ಪಕ್ಕದ ಮನೆಯಲ್ಲೇ ಇದ್ದ ನಮ್ಮ ಓನರಮ್ಮ ಮಲ್ಲಿಕಮ್ಮನಿಗೆ ಗೋಡೆಯ ಮೇಲಿಂದ ಕೊಡುತ್ತಿದ್ದರು. “ಚಟ್ನಿ ಒಳಗೇ ಇಟ್ಟಿದ್ದೇನೆ” ಎನ್ನುವುದೊಂದು ಬಾಕಿ. ಗಿರಾಕಿಗಳಿಗೆ ಅವರು ಹೆಸರೂ ಇಟ್ಟಿದ್ದರು. ಕೊಕ್ಕಿಗೆ ಸಿಕ್ಕಿದ್ದನ್ನು ಕಚ್ಚಿಕೊಂಡು ಓಡುವವಳು ಪಾರ್ಸೆಲ್. ಎಷ್ಟು ಹಾಕಿದರೂ ಕುತ್ತಿಗೆ ಚಾಚುವವಳು ಎಕ್ಸ್‌ಟ್ರಾ ಸಾಂಬಾರ್. ಪೆಟ್ಟಿಗೆಯ ಮೇಲೆ ಕೂತು ಎಲ್ಲರನ್ನೂ ಒಂದು ಕಣ್ಣಲ್ಲಿ ಅನುಮಾನಿಸುವವಳು ಕ್ಯಾಶಿಯರ್. ಯಾರ ಜೊತೆಗೂ ತಿನ್ನದೆ ಹಲಗೆಯ ಹಿಂದೆ ಹೋಗಿ ತಿನ್ನುವವಳು ಫ್ಯಾಮಿಲಿ ರೂಮ್. ಜಾಲರಿಯೊಳಗಿನ ಅಂಗಳಕ್ಕೆ ಅವರು ‘ಹಾಲ್’ ಎಂದೇ ಅನ್ನುತ್ತಿದ್ದರು. ಅವು ರಾತ್ರಿ ಮಲಗುವ ಪೆಟ್ಟಿಗೆ ಏಸಿ ರೂಮು.

ಎಲ್ಲ ಚೆನ್ನಾಗಿಯೇ ಇತ್ತು, ಕೆಸರೊಂದು ಇಲ್ಲದಿದ್ದರೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆ ಕೆಸರಿಗೋ, ನನ್ನ ಅಡುಗೆಮನೆಯವರೆಗೂ ಬರುವ ನಾತ. ಕಡು ಬೇಸಿಗೆ, ಹಿತ್ತಲಿನ ಉಳಿದ ಮಣ್ಣೆಲ್ಲ ಬಿರುಕು ಬಿಟ್ಟಿದೆ, ಬೀದಿಯಲ್ಲಿ ಜನ ಲಾರಿ ನೀರಿಗೆ ಕೊಡ ಹಿಡಿದು ನಿಂತಿದ್ದಾರೆ. ಕೋಳಿಗಳ ಹಾಲಿನಲ್ಲಿ ಮಾತ್ರ ಪಾದ ಮುಳುಗುವಷ್ಟು ಕೆಸರು! ಕಾಲಿಗೆ ಮಣ್ಣಿನ ಉಂಡೆ ಕಟ್ಟಿಕೊಂಡು ಪಾರ್ಸೆಲ್ ಬೂಟು ಹಾಕಿದ ಪೊಲೀಸಿನ ಹಾಗೆ ನಡೆಯುತ್ತಿದ್ದಳು. ಕೆಸರು ಗೋಡೆಯ ಬುಡದ ಕಿಂಡಿಯಿಂದ ನುಸುಳಿ ಮಲ್ಲಿಕಮ್ಮನ ಬಟ್ಟೆ ಒಗೆಯುವ ಕಲ್ಲಿನವರೆಗೂ ಹೋಗುತ್ತಿತ್ತು. ಆಕೆ ಪ್ಲಂಬರನ್ನು ಕರೆಸಿದರು. ಅವನು ಅಲ್ಲಿ ಇಲ್ಲಿ ಅಗೆದು, ಯಾವ ಪೈಪೂ ಒಡೆದಿಲ್ಲ, ಭೂಮಿಯೊಳಗೆ ನೀರಿನ ಊಟೆ ಇರಬಹುದು ಎಂದು ತಲೆ ಕೆರೆದುಕೊಂಡು ಹೋದ. ಬೇಸಿಗೆಯ ವೇಲಚೇರಿಯಲ್ಲಿ ಊಟೆಯಂತೆ, ಕರ್ಮ!

ವಾಸಣ್ಣನೂ ಕೈ ಕಟ್ಟಿ ಕೂರಲಿಲ್ಲ. ಹಳೆಯ ಹೋಟೆಲಿನ ಸ್ನೇಹಿತರಿಂದ ಬಾಳೆಲೆಯ ಕಟ್ಟು ತರಿಸಿ ಕೆಸರಿನ ಮೇಲೆ ಹಾಸಿದರು. ಹಾಸಿದ್ದು ಹೇಗೆ? ಸಾಲಾಗಿ, ಒಂದೊಂದು ಎಲೆಯ ತುದಿಯೂ ಎಡಕ್ಕೆ ಬರುವ ಹಾಗೆ. ಒಂದು ಎಲೆ ತಿರುಗಾಮುರುಗಾ ಆಗಿದೆ ಎಂದು ಮತ್ತೆ ಕೆಸರಿಗಿಳಿದು ಸರಿ ಮಾಡಿದರು.

“ಅಯ್ಯೋ ವಾಸಣ್ಣ, ಕೋಳಿಗೆ ಎಡ ಯಾವುದು, ಬಲ ಯಾವುದು?” ಎಂದೆ ಬಾಲ್ಕನಿಯಿಂದ.

“ಅವುಗಳಿಗೆ ಗೊತ್ತಿಲ್ಲದಿದ್ರೆ ಏನಾಯ್ತು ಮೇಡಂ, ಬಡಿಸುವವನಿಗೆ ಗೊತ್ತುಂಟಲ್ಲ?”

ಅದೇ ಹೊತ್ತಿಗೆ ಮಲ್ಲಿಕಮ್ಮ ಹಿತ್ತಲಿನ ಗೇಟಿನಿಂದ ಬಂದರು. ಜಾಲರಿಯ ಬಾಗಿಲು ತೆಗೆದು ಒಳಗೆ ಕಾಲಿಟ್ಟರು ಅಷ್ಟೆ. ಕೆಳಗೆ ಕೆಸರು, ಮೇಲೆ ಹಸಿ ಬಾಳೆಲೆ. “ಅಯ್ಯಯ್ಯೋ” ಎಂಬ ಒಂದೇ ಕೂಗಿನಲ್ಲಿ ಆಕೆ ಆ ತುದಿಯಿಂದ ಈ ತುದಿಗೆ ಜಾರಿ ಬಂದು, ಕೊನೆಯ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿದ ಹಾಗೆ ಕೂತುಬಿಟ್ಟರು. ಕೋಳಿಗಳು ಊಟಕ್ಕೆ ಹೊಸಬರು ಬಂದರೆಂದು ಸುತ್ತ ಸೇರಿದವು. ಎಕ್ಸ್‌ಟ್ರಾ ಸಾಂಬಾರ್ ಆಕೆಯ ಬಳೆಯನ್ನು ಕುಕ್ಕಿ ನೋಡಿದಳು. ವಾಸಣ್ಣ ಏನು ಮಾಡಬೇಕಿತ್ತು? ಕೈ ಹಿಡಿದು ಎತ್ತಬೇಕಿತ್ತು. ಎಲೆಯ ಮುಂದೆ ಮನುಷ್ಯರು ಕೂತದ್ದು ಕಂಡದ್ದೇ ತಡ, ಅವರ ಬಾಯಿಗೆ ಹಳೆಯ ಮಾತೇ ಬಂತು.

“ತಣ್ಣಿ ವೇಣುಮಾಮ್ಮಾ?” ಎಂದು ನೀರು ಬೇಕಾ ಅಂತ ಕೇಳಿ, ಜಗ್ಗು ತರಲು ಓಡಿದರು.

ನಾನು ಬಾಲ್ಕನಿಯಲ್ಲಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಕೂತುಬಿಟ್ಟೆ. ಮಲ್ಲಿಕಮ್ಮ ನಗಲಿಲ್ಲ. ಎದ್ದು ನಿಂತು, ಸೀರೆಯಿಂದ ಕೆಸರು ತೊಟ್ಟಿಕ್ಕುತ್ತಿದ್ದಂತೆಯೇ ತಮಿಳಿನಲ್ಲಿ ಅಪ್ಪಣೆ ಕೊಟ್ಟರು. ಐಪ್ಪಸಿಯ, ಅಂದರೆ ದೀಪಾವಳಿ ಹೊತ್ತಿನ, ಮಳೆ ಶುರುವಾಗುವುದರೊಳಗೆ ಈ ಜಾಗ ಒಣಗಿರಬೇಕು, ಒಣಗದಿದ್ದರೆ ಕೋಳಿಗಳು ಮೂಲೆಯ ಕೋಳಿ ಅಂಗಡಿಗೆ. ಮಾತು ಮುಗೀತು ಎಂದು ಜಾಲರಿಯ ಬಾಗಿಲನ್ನು ದಡಾರನೆ ಹಾಕಿಕೊಂಡು ಹೋದರು.

ಅವತ್ತು ವಾಸಣ್ಣ ಊಟ ಮಾಡಲಿಲ್ಲ. ಜಗಲಿಯಲ್ಲಿ ಕೂತು, “ಹೋಟ್ಲಿಗೆ ಬಂದ ಗಿರಾಕಿಯನ್ನು ಕಡೀಲಿಕ್ಕೆ ಕೊಡ್ಲಿಕ್ಕೆ ಆಗ್ತದಾ ಮೇಡಂ? ನೀವೇ ಹೇಳಿ. ನಂಬಿ ಬಂದು ಕೂತ ಗಿರಾಕಿ,” ಎಂದರು. ನಾತದ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಏನಾದರೂ ಮಾಡೋಣ ಬಿಡಿ ಎಂದೆ. ಏನು ಮಾಡುವುದು ಎನ್ನುವುದು ಮಾತ್ರ ದೇವರಾಣೆ ಗೊತ್ತಿರಲಿಲ್ಲ.

ಕೆಸರಿನ ಊಟೆ ಸಿಕ್ಕಿದ್ದು ನನಗೆ ಜ್ವರ ಬಂದ ದಿನ. ಆಫೀಸಿಗೆ ರಜೆ ಹಾಕಿ ಮಲಗಿದ್ದೆ. ಮಧ್ಯಾಹ್ನದ ಊಟವಾಗಿ ಬೀದಿಯೆಲ್ಲ ನಿದ್ದೆ ಮಾಡುವ ಹೊತ್ತು. ಹಿತ್ತಲಿನ ಉಪ್ಪುನೀರಿನ ಬಾವಿಯ ರಾಟೆ ಕಿರುಗುಟ್ಟಿತು. ಆ ನೀರನ್ನು ಯಾರೂ ಬಳಸುವುದಿಲ್ಲವಲ್ಲ ಎಂದು ಎದ್ದು ಬಂದು ನೋಡಿದೆ. ವಾಸಣ್ಣ ಕಚ್ಚೆ ಬಿಗಿದು, ಬಕೀಟು ಬಕೀಟು ನೀರನ್ನು ಕೋಳಿಯಂಗಳಕ್ಕೆ ರಪ್ಪನೆ ಎರಚಿ, ಉದ್ದ ಹಿಡಿಯ ವೈಪರಿನಿಂದ ಗೋಡೆಯ ಕಿಂಡಿಯ ಕಡೆಗೆ ಎಳೆಯುತ್ತಿದ್ದರು. ಕೋಳಿಗಳು ಶಿಸ್ತಾಗಿ ಏಸಿ ರೂಮಿನ ಮೇಲೆ ಹತ್ತಿ ಕಾಲು ಮಡಚಿ ಕೂತಿದ್ದವು, ಹೋಟೆಲಿನಲ್ಲಿ ನೆಲ ಒರೆಸುವಾಗ ನಾವು ಕಾಲೆತ್ತುವುದಿಲ್ಲವೇ, ಹಾಗೆ.

“ವಾಸಣ್ಣಾ! ಏನ್ ಮಾಡ್ತಿದೀರಾ?”

“ಮೂರು ಗಂಟೆ ಆಯ್ತಲ್ಲ ಮೇಡಂ. ಊಟದ ಟೈಮು ಮುಗೀತು. ಸಂಜೆ ಟಿಫಿನ್ನಿಗೆ ಮೊದಲು ಹಾಲ್ ತೊಳೀಬೇಕಲ್ಲ?”

“ಮಣ್ಣನ್ನ ತೊಳೀತಿದೀರಾ?”

“ಮತ್ತೆಂತ? ಕೆಸರು ಹೋಗುದು ಬೇಡ್ವಾ? ಎಷ್ಟು ತೊಳೆದ್ರೂ ಹೋಗುದಿಲ್ಲ ಮಾರಾಯ್ರೇ. ಇಷ್ಟು ಹಠದ ಕೆಸರು ನಾನು ನನ್ನ ಸರ್ವೀಸಲ್ಲೇ ಕಾಣ್ಲಿಲ್ಲ. ಓನರಮ್ಮ ಬಿದ್ದ ಮೇಲೆ ನಾನು ಎರಡು ಪಟ್ಟು ನೀರು ಹಾಕ್ತಿದ್ದೇನೆ!”

ನಾನು ಜ್ವರದಲ್ಲೇ ಧಡಧಡ ಮೆಟ್ಟಿಲಿಳಿದು ಹೋದೆ. ದಿನಾ ತೊಳೆಯುತ್ತಾರಂತೆ! ಕೋಳಿಗಳು ಬಂದಾಗಿನಿಂದ, ಒಂದು ದಿನವೂ ತಪ್ಪದೆ. ಭಾನುವಾರ ಆ ಹೊತ್ತಿಗೆ ನಾನೂ ನಿದ್ದೆಯಲ್ಲಿರುತ್ತಿದ್ದೆ, ಕಂಡಿರಲಿಲ್ಲ.

“ಮಣ್ಣಿಗೆ ನೀರು ಹಾಕಿದ್ರೆ ಕೆಸರಾಗದೆ ಇನ್ನೇನಾಗುತ್ತೆ ವಾಸಣ್ಣ? ಕೆಳಗೇನು ಗ್ರಾನೈಟ್ ಇದೆ ಅಂದ್ಕೊಂಡಿದ್ರಾ?”

ಅವರು ವೈಪರಿಗೆ ಗಲ್ಲವೂರಿ ಗಂಭೀರವಾಗಿ ಯೋಚಿಸಿದರು. “ಇಷ್ಟು ತೊಳೆದ್ರೆ ಒಂದಲ್ಲ ಒಂದು ದಿನ ನೆಲ ಸಿಗ್ಲೇಬೇಕಲ್ಲ ಮೇಡಂ?”

ಹದಿಹರೆಯದಲ್ಲಿ ಕೈಗೆ ವೈಪರು ಕೊಟ್ಟು, ಕೊಳೆ ಕಂಡರೆ ನೀರು ಹಾಕು ಎಂದು ಯಾರೋ ಹೇಳಿಕೊಟ್ಟಿದ್ದರು. ಆಮೇಲೆ ಇಡೀ ಆಯಸ್ಸು ಆ ಮಾತು ಸುಳ್ಳಾಗಲಿಲ್ಲ. ಹಾಲಿನ ಕೆಳಗೆ ನೆಲವೇ ಇಲ್ಲದ ಹೋಟೆಲೂ ಇರುತ್ತದೆ ಎಂದು ಪಾಪ, ಅವರಿಗೆ ಹೇಗೆ ಹೊಳೆಯಬೇಕು? ನನ್ನ ಕೂಗಾಟಕ್ಕೆ ಎದ್ದುಬಂದ ಗಿರಿಜಕ್ಕ ಹಣೆ ಚಚ್ಚಿಕೊಂಡರು.

“ನಾನು ಮಲಗಿದ ಹೊತ್ತಿಗೆ ಇದಾ ನಿಮ್ಮ ಕೆಲಸ? ಪ್ಲಂಬರ್ ಅಗೀತಾ ಇದ್ದಾಗ ಬಾಯಿಗೆ ಬೀಗ ಬಿದ್ದಿತ್ತಾ?”

“ಅವನು ಪೈಪಿನ ವಿಷಯ ಕೇಳಿದ. ತೊಳಿಯುದರ ವಿಷಯ ಕೇಳ್ಲೇ ಇಲ್ಲ.”

ಇನ್ನು ನೀರು ಹಾಕುವುದಿಲ್ಲ ಎಂದು ವಾಸಣ್ಣ ಒಪ್ಪಿಕೊಂಡರು. ಗಿರಿಜಕ್ಕ ನಂಬಲಿಲ್ಲ. ಗಂಡನನ್ನು ಬಲ್ಲವರು, ಬಾಯಿಮಾತು ಬೇಡ, ಆಣೆ ಹಾಕಿ ಎಂದರು. ವಾಸಣ್ಣ ವೈಪರನ್ನು ಗೋಡೆಗೆ ಒರಗಿಸಿದರು. ಆಮೇಲೆ ಕೈಕಾಲು ತೊಳೆದುಕೊಂಡು ಬಂದು, ಪಶ್ಚಿಮಕ್ಕೆ, ಅಂದರೆ ಊರಿನ ದಿಕ್ಕಿಗೆ ತಿರುಗಿ ಕೈ ಮುಗಿದರು.

“ಈ ಕೋಳಿಗಳು ಇರುವಷ್ಟು ದಿನ ಹಾಲಿಗೆ ಒಂದು ಚೊಂಬು ನೀರು ಹಾಕುದಿಲ್ಲ. ಮಂಜುನಾಥನ ಆಣೆ.”

ನನಗೆ ನಗು ಬಂತು. ಗಿರಿಜಕ್ಕನ ಮುಖ ನೋಡಿ ನಿಲ್ಲಿಸಿದೆ. ಅವರ ಕಡೆಯವರಿಗೆ ಆ ಆಣೆ ಎಂದರೆ ಆಟವಲ್ಲ, ತಪ್ಪಿದರೆ ಮನೆಗೇ ಒಳ್ಳೆಯದಲ್ಲ ಎಂದು ಆಮೇಲೆ ಗಿರಿಜಕ್ಕ ಹೇಳಿದರು.

ಆಣೆಯೇನೋ ಹಾಕಿಯಾಯಿತು. ಮಧ್ಯಾಹ್ನ ಮೂರು ಗಂಟೆ ಬಂದರೆ ವಾಸಣ್ಣನ ಕೈ ನಿಲ್ಲಬೇಕಲ್ಲ? ಮೊದಲು ಮುಂಬಾಗಿಲ ಮೆಟ್ಟಿಲು ತೊಳೆದರು. ಆಮೇಲೆ ಗೇಟು, ಕಾಂಪೌಂಡು ಗೋಡೆ. ನನ್ನ ಸ್ಕೂಟರು ಶೋರೂಮಿನಲ್ಲೂ ಹಾಗೆ ಹೊಳೆದಿರಲಿಕ್ಕಿಲ್ಲ. ಎದುರುಮನೆಯ ಆಟೋವನ್ನು ಸೀಟಿನ ಸಮೇತ ತೊಳೆದರು; ಗೊತ್ತಿಲ್ಲದೆ ಕೂತ ಡ್ರೈವರು ಒದ್ದೆ ಪ್ಯಾಂಟಿನಲ್ಲೇ ಸವಾರಿಗೆ ಹೋಗಬೇಕಾಯಿತು. ಬೀದಿಯಲ್ಲಿ ನಿಂತ ಎಮ್ಮೆಯೊಂದನ್ನು ತೊಳೆದಾಗ ಮಾತ್ರ ಎಮ್ಮೆಯವನು ಬಂದು ಕೈ ಮುಗಿದ. ವೈಪರನ್ನು ಅವರೇ ತಂದು ನನ್ನ ಮನೆಯಲ್ಲಿಟ್ಟಿದ್ದರು, ಕಣ್ಣೆದುರಿಗಿದ್ದರೆ ತಡೆಯಲಿಕ್ಕಾಗುವುದಿಲ್ಲ ಎಂದು. ಭಾನುವಾರ ನಾನು ಮನೆಯಲ್ಲಿದ್ದರೆ ಮಂಡಿ ಹಿಡಿದುಕೊಂಡು ಮಹಡಿ ಹತ್ತಿ ಬರುತ್ತಿದ್ದರು.

“ಉಂಟಲ್ಲ ಮೇಡಂ, ವೈಪರು?”

“ಇದೆ ವಾಸಣ್ಣ. ನೋಡ್ಬೇಕಾ?”

“ಬೇಡ ಬೇಡ. ಇದ್ದರೆ ಸಾಕು.”

ನೀರು ನಿಂತರೂ ಮಳೆಗಾಲ ಮುಂದಿತ್ತಲ್ಲ. ನಾಲ್ಕೂ ಕೋಳಿಗಳ ಜೀವ ಆ ಮಳೆಯ ಮೇಲಿತ್ತು. ಒಂದು ಭಾನುವಾರ ಮೂವರೂ ಸೇರಿ ಕೆಲಸಕ್ಕಿಳಿದೆವು. ಕೊಳೆತ ಕೆಸರನ್ನು ಬಾಚಿ ನುಗ್ಗೆಮರದ ಬುಡಕ್ಕೆ ಹಾಕಿದೆವು. ನಾನು ಫೋನು ನೋಡಿಕೊಂಡು ಹಾಗೆ ಮಾಡಿ, ಹೀಗೆ ಮಾಡಿ ಎನ್ನುತ್ತಿದ್ದೆ. ಗೋಡೆಯ ಆಚೆಯಿಂದ ಮಲ್ಲಿಕಮ್ಮ ಸುಮ್ಮನೆ ನೋಡುತ್ತಿದ್ದರು. ನಾನು ಹುಲ್ಲು ಹಾಸೋಣ ಎಂದದ್ದೇ ತಡ, ಆಕೆಗೆ ತಡೆಯಲಾಗಲಿಲ್ಲ. ಹುಲ್ಲು ಹಾಸಿದರೆ ಕೊಳೆತು ಇನ್ನೂ ನಾರುತ್ತದೆ ಎಂದು ತಮಿಳಿನಲ್ಲಿ ಬಯ್ಯುತ್ತ, ಸೀರೆ ಸಿಕ್ಕಿಸಿಕೊಂಡು ಬಂದು ನನ್ನ ಕೈಯಿಂದ ಸನಿಕೆ ಕಿತ್ತುಕೊಂಡರು. ಕೋಳಿಗಳನ್ನೇ ತೆಗೆಸುತ್ತೇನೆ ಎಂದು ಹೆದರಿಸಿದ ಹೆಂಗಸೇ ಕೆಲಸ ಸರಿಯಾಗಿ ಆಗುತ್ತಿಲ್ಲವೆಂದು ಸಿಟ್ಟು ಮಾಡಿಕೊಂಡು ಅಗೆಯಲು ನಿಂತರು. ಬಾಳೆಲೆಯಲ್ಲಿ ಬರುತ್ತಿದ್ದ ಮೊಟ್ಟೆಗಳ ರುಚಿಯೂ ಸ್ವಲ್ಪ ಕೆಲಸ ಮಾಡಿತ್ತು ಅಂತ ನನಗೆ ಗುಮಾನಿ.

ವಾಸಣ್ಣನಿಗೆ ಒಂದು ಮಾತು ಮಾತ್ರ ತಕ್ಷಣ ಅರ್ಥವಾಯಿತು. ನೆಲಕ್ಕೆ ವಾಟ ಬೇಕು. “ಅದು ನನಗೆ ಬಿಡಿ,” ಎಂದು, ನೀರು ಯಾವ ಕಡೆ ಇಳಿಯಬೇಕೆಂದು ಕೂತು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ, ಗೋಡೆಯ ಕಡೆಯಿಂದ ಬೀದಿಯ ಕಡೆಗೆ ಇಳಿಜಾರು ಮಾಡಿಸಿದರು. ತಗಡಿನಿಂದ ಸುರಿಯುವ ನೀರು ಅಂಗಳಕ್ಕೆ ಬೀಳದಂತೆ ಅಂಚಿಗೆ ಸೀಳಿದ ಪೈಪು ಕಟ್ಟಿದೆವು. ಸುತ್ತ ಒಂದು ಚಿಕ್ಕ ಕಾಲುವೆ ತೋಡಿದೆವು. ಒಳಗೆ ಇಟ್ಟಿಗೆ ಚೂರು, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಹೋಟೆಲಿನಿಂದ ಚೀಲಗಟ್ಟಲೆ ಬಂದ ತೆಂಗಿನ ನಾರು. ಕೋಳಿಗಳನ್ನು ಒಳಗೆ ಬಿಟ್ಟಾಗ ಪಾರ್ಸೆಲ್ ಒಂದು ಕಾಲೆತ್ತಿಕೊಂಡು, ಕೆಳಗೆ ನೋಡಿ, ಇದೇನು ಗ್ರಹಚಾರ ಎಂಬಂತೆ ನಿಂತೇ ಇದ್ದಳು.

“ಬನ್ನಿ ಬನ್ನಿ,” ಎಂದರು ವಾಸಣ್ಣ. “ಹೊಸ ಮ್ಯಾಟ್ ಹಾಕಿದ್ದೇವೆ. ಚಪ್ಪಲಿ ಹೊರಗೆ.”

ಮಳೆ ಬಂತು. ವೇಲಚೇರಿಗೆ ಮಳೆ ಬರುವುದೆಂದರೆ ಹೇಳಬೇಕೇ, ಬೆಳಗಾಗುವಷ್ಟರಲ್ಲಿ ಬೀದಿ ಕಾಣೆಯಾಗಿತ್ತು. ನನ್ನ ಸ್ಕೂಟರಿನ ಚಕ್ರ ಅರ್ಧ ಮುಳುಗಿತ್ತು. ಅದರ ಗೊಡವೆಯೇ ಇಲ್ಲದೆ ನಾನು ಛತ್ರಿ ಹಿಡಿದು ಹಿತ್ತಲಿಗೆ ಓಡಿದೆ. ವಾಸಣ್ಣ ಮತ್ತು ಗಿರಿಜಕ್ಕ ಒಂದೇ ಗೋಣಿಚೀಲವನ್ನು ತಲೆಗೆ ಹಾಕಿಕೊಂಡು ನಿಂತಿದ್ದರು. ಹಿತ್ತಲು ಬೀದಿಗಿಂತ ಎತ್ತರ, ಕಾಲುವೆಯಲ್ಲಿ ನೀರು ಜುಳುಜುಳು ಹರಿದು ಮುಂದಕ್ಕೆ ಹೋಗುತ್ತಿತ್ತು. ಮಲ್ಲಿಕಮ್ಮ ಬಂದರು. ಯಾರನ್ನೂ ಮಾತಾಡಿಸದೆ ಬಾಗಿಲು ತೆಗೆದು ಒಳಗೆ ಹೋದರು. ಸೂರಿನ ಕೆಳಗೆ ನಾರನ್ನು ಕಾಲಿನಿಂದ ಒತ್ತಿ ನೋಡಿದರು. ಬಗ್ಗಿ ಒಂದು ಹಿಡಿ ಎತ್ತಿ ಹಿಂಡಿದರು. ಹನಿ ಬೀಳಲಿಲ್ಲ.

“ಇರುಕ್ಕಟ್ಟುಂ,” ಎಂದರು ಮಲ್ಲಿಕಮ್ಮ. ಇರಲಿ ಬಿಡಿ ಎಂದು.

ವಾಸಣ್ಣ ಮಳೆಯಲ್ಲೇ ಅತ್ತರು. ಅದನ್ನು ಮರೆಮಾಚಲು ಗಿರಿಜಕ್ಕ ಅವರ ತಲೆಯ ಮೇಲಿನ ಚೀಲವನ್ನು ಮುಖದವರೆಗೂ ಎಳೆದುಬಿಟ್ಟರು.

ಅದಾದ ಮೇಲಿನ ಬೇಸಿಗೆಯಲ್ಲಿ ವಾಸಣ್ಣ ಹೋದರು. ಊಟ ಮುಗಿಸಿ ಜಗಲಿಯ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಸುದ್ದಿ ತಿಳಿದು ಹಳೆಯ ಹೋಟೆಲಿನವರೆಲ್ಲ ಬಂದರು. ಸಪ್ಲೈಯರುಗಳು, ಕ್ಲೀನರುಗಳು, ದೋಸೆ ಹಾಕುವವರು, ಎಲ್ಲರೂ ಅವರ ಕೈಕೆಳಗೆ ಪಳಗಿದವರು. ಗಿರಿಜಕ್ಕ ಒಂದು ಹನಿ ಕಣ್ಣೀರು ಹಾಕದೆ ಬಂದವರಿಗೆಲ್ಲ ಕೂರಲು ಜಾಗ ತೋರಿಸುತ್ತಿದ್ದರು. ಅದನ್ನು ನೋಡಲು ನನ್ನ ಕೈಲಾಗಲಿಲ್ಲ.

ದೇಹವನ್ನು ಎತ್ತಿಕೊಂಡು ಹೋದ ಮೇಲೆ ಮನೆ ತೊಳೆಯಬೇಕಲ್ಲ. ಹಿಂದೆ ಉಳಿದ ಹೋಟೆಲಿನವರು ಯಾರೂ ಹೇಳದೆಯೇ ಕೆಲಸಕ್ಕೆ ಇಳಿದರು. ನೀರು ಸೇದುವವರು ಸೇದಿದರು, ಎರಚುವವರು ಎರಚಿದರು, ಸಾಲಾಗಿ ನಿಂತು ಬಾಗಿಲ ಕಡೆಗೆ ಎಳೆದರು. ಅಷ್ಟು ಚೊಕ್ಕಟವಾಗಿ ಒಂದು ಮನೆ ತೊಳೆದದ್ದನ್ನು ನಾನು ಕಂಡೇ ಇಲ್ಲ. ನಡುಮನೆ ಆಯಿತು, ಅಡುಗೆಮನೆ ಆಯಿತು, ಜಗಲಿ ಆಯಿತು. ಅದೇ ಭರದಲ್ಲಿ ತುಂಬಿದ ಬಕೀಟುಗಳನ್ನು ಹಿಡಿದು ಹಿತ್ತಲಿಗೂ ಬಂದರು. ಮುಂದಿದ್ದವರು ಜಾಲರಿಯ ಬಾಗಿಲು ತೆಗೆದು, ಒಳಗಿದ್ದ ನಾರು ನೋಡಿ, “ಇದನ್ನೆಲ್ಲ ತೆಗೆದು ತೊಳೀವಾ?” ಎಂದು ಬಕೀಟು ಎತ್ತಿದರು.

ಗಿರಿಜಕ್ಕ ಒಳಗಿನಿಂದ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತರು.

“ಇಲ್ಲಿಗೆ ಹಾಕ್ಬೇಡಿ. ಒಂದು ಚೊಂಬು ಸಹ ಹಾಕ್ಬೇಡಿ. ಇವರ ಆಣೆ ಉಂಟು.”

“ಅವರೇ ಹೋದ್ರಲ್ಲ ಅಕ್ಕ, ಇನ್ನೆಂಥ ಆಣೆ?”

“ಅವರು ಹೋದ್ರು. ಕೋಳಿಗಳು ಉಂಟಲ್ಲ,” ಎಂದರು ಗಿರಿಜಕ್ಕ. “ಅವರಿಗೆ ಕೈ ಎಷ್ಟು ತುರಿಸ್ತಿತ್ತು ಗೊತ್ತುಂಟಾ? ಮೂರು ಗಂಟೆಗೆ ಕೈಯನ್ನು ಕಂಕುಳಲ್ಲಿ ಇಟ್ಕೊಂಡು ಇಲ್ಲಿ ಬಂದು ನಿಲ್ತಾ ಇದ್ರು. ಒಂದು ದಿನ ಹಾಕ್ಲಿಲ್ಲ. ಒಂದು ದಿನ!”

ಅಷ್ಟು ಹೇಳಿ ಅವರು ಜಾಲರಿಯನ್ನು ಹಿಡಿದುಕೊಂಡು ಜೋರಾಗಿ ಅತ್ತರು. ಮಲ್ಲಿಕಮ್ಮ ಓಡಿಬಂದು ಹಿಡಿದುಕೊಂಡರು. ಹೋಟೆಲಿನವರು ಬಕೀಟುಗಳನ್ನು ಒಂದೊಂದಾಗಿ ಕೆಳಗಿಟ್ಟರು.